ರಸ್ತೆ ಅಗಲೀಕರಣದ ದಾರಿಯಲ್ಲಿ ನಮ್ಮೂರಿನ ನಾಲ್ಕು ಕಲ್ಲುಗಳು: ಎತ್ತಿಡಬೇಕೇ, ಇದ್ದಲ್ಲಿಯೇ ಉಳಿಸಬೇಕೇ, ಫಲಕದಲ್ಲಿ ಏನು ಬರೆಯಬೇಕು?

ಪ್ರಶ್ನೆ (ಕೆರೆ ಏರಿ)

ಎಲ್ಲರಿಗೂ ನಮಸ್ಕಾರ.

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಬಸ್ ನಿಲ್ದಾಣದಿಂದ ಕೆರೆ ಏರಿಯವರೆಗಿನ ಮುಖ್ಯರಸ್ತೆಯನ್ನು ಅಗಲ ಮಾಡುವ ಕೆಲಸ ಆರಂಭವಾಗಿದೆ. ಆ ದಾರಿಯಲ್ಲಿ ನಾವು ಚಿಕ್ಕಂದಿನಿಂದ ನೋಡುತ್ತ ಬಂದಿರುವ ನಾಲ್ಕು ಕಲ್ಲುಗಳ ಗತಿ ಏನಾದೀತೆಂಬ ಚಿಂತೆ ನಮ್ಮಲ್ಲಿ ಕೆಲವರನ್ನು ಕಾಡುತ್ತಿರುವುದರಿಂದ ಇಲ್ಲಿ ಬಲ್ಲವರ ಸಲಹೆ ಕೇಳುತ್ತಿದ್ದೇನೆ.

ಮೊದಲನೆಯದು ಬಸ್ ನಿಲ್ದಾಣದ ಮುಂದಿನ ಕಂಬ. ಸ್ವಾತಂತ್ರ್ಯಕ್ಕೆ 25 ವರ್ಷ ತುಂಬಿದ ನೆನಪಿಗಾಗಿ 1972ರಲ್ಲಿ ನಿಲ್ಲಿಸಿದ್ದು. ಅದರ ಒಂದು ಮುಖದಲ್ಲಿ ಸಂವಿಧಾನದ ಪ್ರಸ್ತಾವನೆಯೂ ಇನ್ನೊಂದು ಮುಖದಲ್ಲಿ ತಾಲ್ಲೂಕಿನ ಸ್ವಾತಂತ್ರ್ಯ ಹೋರಾಟಗಾರರ ಹೆಸರುಗಳೂ ಕೆತ್ತಲ್ಪಟ್ಟಿವೆ. ಎರಡನೆಯದು ಅಶ್ವತ್ಥಕಟ್ಟೆಗೆ ಒರಗಿದಂತೆ ನಿಂತಿರುವ ವೀರಗಲ್ಲು. ಊರಿನವರು ಅದನ್ನು ‘ಈರಪ್ಪನ ಕಲ್ಲು’ ಎಂದೇ ಕರೆಯುತ್ತಾರೆ. ನೆಲದ ಮೇಲೆ ಕಾಣುವುದು ಎರಡೇ ಅಂಕಣ: ಮೇಲೆ ಶಿವಲಿಂಗ, ಪೂಜಾರಿ, ಬಸವ, ಕೆಳಗೆ ಇಬ್ಬರು ಹೆಂಗಸರ ನಡುವೆ ಕೈಮುಗಿದು ಕುಳಿತ ಒಬ್ಬ ಗಂಡಸು. ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಮೂರನೆಯದು, ಸತಿಹೋದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲು. ಬಳೆ ತೊಟ್ಟ ಒಂದು ಕೈ ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಚಿ ಮೇಲಕ್ಕೆ ಎದ್ದಿದೆ. ನಾಲ್ಕನೆಯದು ಕೆರೆಯ ತೂಬಿನ ಪಕ್ಕದಲ್ಲಿ ಅರ್ಧ ಹೂತುಹೋಗಿರುವ ಬರಹದ ಕಲ್ಲು. ಅದರ ಅಕ್ಷರಗಳನ್ನು ನಮ್ಮಲ್ಲಿ ಯಾರಿಗೂ ಓದಲಾಗಿಲ್ಲ.

ಈ ನಾಲ್ಕನ್ನೂ ಕಿತ್ತು ಪ್ರೌಢಶಾಲೆಯ ಪಕ್ಕದ ಉದ್ಯಾನದಲ್ಲಿ ಗ್ರಾನೈಟ್ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ, ಸುತ್ತ ಹೂಗಿಡ ನೆಟ್ಟು, ಒಂದೊಂದಕ್ಕೂ ಫಲಕ ಹಾಕಬೇಕೆಂಬುದು ಸ್ಥಳೀಯ ಆಡಳಿತದವರ ಸೂಚನೆ. ಅವರ ಉದ್ದೇಶ ಒಳ್ಳೆಯದೇ. ಫಲಕಗಳ ಖರ್ಚು ಕೊಡಲು ದಾನಿಗಳೂ ಮುಂದೆ ಬಂದಿದ್ದಾರೆ. ವೀರಗಲ್ಲಿನ ಫಲಕಕ್ಕೆ ‘ಹೊಯ್ಸಳರ ಕಾಲದ ಸೇನಾಪತಿಯ ಸ್ಮಾರಕ, ಕ್ರಿ.ಶ. 1200’ ಎಂಬ ಬರಹ ಸಿದ್ಧವಾಗಿದೆ. ಆ ಕಾಲವನ್ನಾಗಲಿ ಸೇನಾಪತಿ ಎಂಬ ಪದವನ್ನಾಗಲಿ ಯಾವ ಆಧಾರದಿಂದ ಬರೆದರೆಂದು ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಕಳೆದ ರಾಜ್ಯೋತ್ಸವದ ಹಿಂದಿನ ದಿನ ಯಾರೋ ಹುಡುಗರು ಭಕ್ತಿಯಿಂದಲೇ ಈರಪ್ಪನ ಕಲ್ಲಿನ ಮೂರ್ತಿಗಳಿಗೆ ಬೆಳ್ಳಿ ಬಣ್ಣದ ಎಣ್ಣೆ ಪೇಂಟ್ ಬಳಿದಿದ್ದಾರೆ. ಬಸ್ ನಿಲ್ದಾಣದ ಕಂಬದ ಹೆಸರುಗಳಿಗೂ ಹೊಸದಾಗಿ ಕಪ್ಪು ಬಣ್ಣ ತುಂಬಿಸಬೇಕೆಂಬ ಮಾತಿದೆ.

ಕಲ್ಲುಗಳನ್ನು ಒಂದೆಡೆ ಸೇರಿಸುವುದು ಸರಿಯೇ? ಬಣ್ಣವನ್ನು ತೆಗೆಯುವುದು ಹೇಗೆ? ಫಲಕದ ಮೇಲೆ ಏನನ್ನು ಬರೆದರೆ ನಾಳೆ ಯಾರೂ ನಮ್ಮನ್ನು ತಪ್ಪು ಹಿಡಿಯಲಾರರು? ತಿಂಗಳೊಳಗೆ ನಮ್ಮ ಅಭಿಪ್ರಾಯವನ್ನು ಬರಹದಲ್ಲಿ ಕೊಡಬೇಕಾಗಿದೆ.

ಉತ್ತರ (ಹಳೆಯ ಲಿಪಿ)

ಶಾಸನಗಳನ್ನು ಓದುವ ಹವ್ಯಾಸವನ್ನು ಹಲವು ವರ್ಷಗಳಿಂದ ಇಟ್ಟುಕೊಂಡವನು ನಾನು. ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋದದ್ದು ‘ನೆಲದ ಮೇಲೆ ಕಾಣುವುದು ಎರಡೇ ಅಂಕಣ’ ಎಂಬ ಮಾತಿನ ಕಡೆಗೆ. ನಮ್ಮ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದಲ್ಲಿ ವೀರ ಹೋರಾಡಿ ಮಡಿದ ಸಂದರ್ಭ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ದೃಶ್ಯ, ತುದಿಯಲ್ಲಿ ಅವನು ಸೇರಿದ ಕೈಲಾಸ. ಅವನು ಜೈನನಾಗಿದ್ದರೆ ಅಲ್ಲಿ ಜಿನಬಿಂಬವಿರುತ್ತದೆ. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರರಿರುತ್ತಾರೆ, ಅವರಿರುವ ತನಕ ಈ ನೆನಪೂ ಇರಲೆಂದು. ನೀವು ವರ್ಣಿಸಿರುವುದು ಮೇಲಿನ ಎರಡು ಅಂಕಣಗಳನ್ನು. ಅವು ನೂರಾರು ಕಲ್ಲುಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯಾಗಿರುತ್ತವೆ. ಈ ಮನುಷ್ಯ ಯಾರ ಜೊತೆ, ಯಾವುದಕ್ಕಾಗಿ ಕಾದಿದ ಎಂಬುದನ್ನು ಹೇಳುವ ತಳದ ಅಂಕಣ ನಿಮ್ಮ ಊರಿನಲ್ಲಿ ರಸ್ತೆಯ ಕೆಳಗಿದೆ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದಿಷ್ಟು ಏರುತ್ತದೆ, ಕಲ್ಲು ಒಂದಿಷ್ಟು ಇಳಿಯುತ್ತದೆ. ಹಾಗಾಗಿ ಆ ಅಂಕಣವನ್ನು ನೋಡುವ ಮೊದಲೇ ಫಲಕದ ಬರಹವನ್ನು ಅಂತಿಮಗೊಳಿಸುವುದು ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ವೀರಗಲ್ಲು ಎಂದೊಡನೆ ರಾಜ, ಸೇನಾಪತಿ, ದಂಡಯಾತ್ರೆ ಎಂದು ಭಾವಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ವಾಸ್ತವದಲ್ಲಿ ನಮ್ಮ ವೀರಗಲ್ಲುಗಳ ಬಹುದೊಡ್ಡ ಪಾಲು ತುರುಗೋಳಿನವು, ಎಂದರೆ ದನಗಳನ್ನು ಅಟ್ಟಿಕೊಂಡು ಹೋಗಲು ಬಂದವರನ್ನು ತಡೆದು ಸತ್ತವರವು. ಊರಳಿವಿನಲ್ಲಿ, ಎಂದರೆ ಊರಿನ ಮೇಲೆ ದಾಳಿಯಾದಾಗ ಸತ್ತವರು, ಹೆಂಗಸರ ಮಾನ ಕಾಯಲು ಹೋಗಿ ಸತ್ತವರು, ಹುಲಿಯೊಡನೆ ಸೆಣಸಿ ಸತ್ತವರು, ಗಡಿಯ ಜಗಳದಲ್ಲಿ ಸತ್ತವರು, ಹೀಗೆ ಹಲವು ಬಗೆಯವರಿಗೆ ಕಲ್ಲುಗಳಿವೆ. ಇವರಲ್ಲಿ ಹೆಚ್ಚಿನವರು ಸಾಮಾನ್ಯ ಒಕ್ಕಲು ಮಕ್ಕಳು. ಸತ್ತವನ ಮನೆಯವರಿಗೆ ಊರು ಭೂಮಿಯನ್ನು ಬಿಟ್ಟುಕೊಡುತ್ತಿತ್ತು; ಅದಕ್ಕೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಒಂದು ಊರು ತನ್ನವನೊಬ್ಬನ ಸಾವಿಗೆ ಸಲ್ಲಿಸಿದ ಲೆಕ್ಕ ಅದು. ಅಂಥವನನ್ನು ನಾವು ಗೌರವವೆಂದುಕೊಂಡು ಸೇನಾಪತಿ ಮಾಡಿದರೆ ಅವನಿಗೆ ಅನ್ಯಾಯವಾಗುತ್ತದೆ ಎಂದೇ ನನ್ನ ಭಾವನೆ.

ಕಲ್ಲುಗಳನ್ನು ಒಂದೆಡೆ ಸೇರಿಸುವ ವಿಚಾರಕ್ಕೆ ಬರುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ ಮಾತನ್ನು ನೀವು ಕೇಳಿರಬಹುದು. ಶಕ ವರ್ಷ 872ರ, ಎಂದರೆ ಕ್ರಿ.ಶ. 949–50ರ ಕಲ್ಲು ಅದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಎದುರಿಸಿದ ಸಂಗತಿ ಅದರಲ್ಲಿದೆ. ಬೂತುಗನು ತನ್ನ ಅನುಚರನಾದ ಮಣಲೆರನನ್ನು ಮೆಚ್ಚಿ ಏನು ಬೇಕೆಂದಾಗ ಅವನು ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಊಟ ಮಾಡಕೂಡದೆಂಬ ಕಟ್ಟಳೆಯೂ ಅದೇ ಬರಹದಲ್ಲಿದೆ. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದು ಸುರಕ್ಷಿತವಾಗಿದೆ, ನಾವೆಲ್ಲ ನೋಡಬಹುದು, ನಿಜ. ಆದರೆ ‘ಈ ದೇವರ ಮುಂದೆ’ ಎನ್ನುವ ಕಲ್ಲಿನ ಮುಂದೆ ಈಗ ಆ ದೇವರಿಲ್ಲ.

ನಿಮ್ಮ ತೂಬಿನ ಕಲ್ಲಿನ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕೆರೆಯ ಬಳಿಯ ಶಾಸನಗಳು ಬಹುಮಟ್ಟಿಗೆ ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಗೊಡಗೆಯನ್ನೋ, ಕೆರೆಯನ್ನು ಸುಸ್ಥಿತಿಯಲ್ಲಿಡಲು ಬಿಟ್ಟ ಬಿತ್ತುವಟ್ಟವನ್ನೋ ಹೇಳುತ್ತವೆ. ಭೂಮಿಯ ಎಲ್ಲೆಯನ್ನು ‘ತೂಬಿನಿಂದ ಮೂಡಲು’, ‘ಕಾಲುವೆಯಿಂದ ತೆಂಕಲು’ ಎಂದು ಗುರುತಿಸುತ್ತವೆ. ಅಂಥ ಕಲ್ಲನ್ನು ಉದ್ಯಾನಕ್ಕೆ ಒಯ್ದರೆ ಅಕ್ಷರಗಳು ಉಳಿದಾವು, ಆದರೆ ಅವು ತೋರಿಸುವ ದಿಕ್ಕುಗಳು ಅರ್ಥ ಕಳೆದುಕೊಳ್ಳುತ್ತವೆ. ಆದುದರಿಂದ ನನ್ನ ಸಲಹೆ ಇದು. ಮೊದಲು ರಸ್ತೆಯ ನಕ್ಷೆಯಲ್ಲಿ ಒಂದೆರಡು ಅಡಿ ಓರೆ ಮಾಡಲು ಸಾಧ್ಯವೇ ನೋಡಿ. ಆಗದಿದ್ದರೆ ಅದೇ ಜಾಗದ ಪಕ್ಕದಲ್ಲಿಯೇ, ಅದೇ ದಿಕ್ಕಿಗೆ ಮುಖಮಾಡಿ ನಿಲ್ಲಿಸಲಿ. ದೂರ ಒಯ್ಯುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕೆಲಸದ ವೇಳೆ ಸಿಕ್ಕ, ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲಿಗೆ ಅದೇ ಬಡಾವಣೆಯಲ್ಲಿ ಮಂಟಪ ಕಟ್ಟಲಾಗಿದೆ. ಅಷ್ಟು ಇಕ್ಕಟ್ಟಿನ ಮಹಾನಗರದಲ್ಲಿ ಆದದ್ದು ನಿಮ್ಮ ಪಟ್ಟಣದಲ್ಲಿ ಆಗಲಾರದೇ? ಯಾವುದೇ ಕಲ್ಲನ್ನು ಅಲುಗಿಸುವ ಮೊದಲು ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೂ ಜಿಲ್ಲಾಧಿಕಾರಿಗಳಿಗೂ ಪತ್ರ ಬರೆದು ಒಪ್ಪಿಗೆ ಪಡೆಯಬೇಕೆಂಬುದನ್ನು ನಿಮ್ಮ ಅಭಿಪ್ರಾಯಪತ್ರದ ಮೊದಲ ಸಾಲಿನಲ್ಲಿಯೇ ಬರೆಯಿರಿ.

ಬೆಳ್ಳಿ ಬಣ್ಣವನ್ನು ನೀವು ತೆಗೆಯಲು ಹೋಗಬೇಡಿ. ತಂತಿ ಬ್ರಷ್, ಆಸಿಡ್, ಮರಳುಕಾಗದ ಯಾವುದೂ ಬೇಡ. ವಿಶೇಷವಾಗಿ ಮೆತ್ತನೆಯ ಬಳಪದ ಕಲ್ಲಾಗಿದ್ದರೆ ಬಣ್ಣದ ಜೊತೆಯಲ್ಲಿ ಕೆತ್ತನೆಯ ಅಂಚೂ ಉದುರುತ್ತದೆ. ಅದನ್ನು ಇಲಾಖೆಯ ರಸಾಯನ ತಜ್ಞರಿಗೆ ಬಿಡಬೇಕು. ಮಣ್ಣು, ಪಾಚಿ ಇದ್ದರೆ ಬರಿಯ ನೀರು, ಮೆತ್ತನೆಯ ಬ್ರಷ್ ಸಾಕು.

ತೂಬಿನ ಕಲ್ಲಿನ ಅಕ್ಷರಗಳನ್ನು ಹಗಲಿನ ನೆತ್ತಿ ಬಿಸಿಲಿನಲ್ಲಿ ನೋಡಬೇಡಿ, ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಹೋಗಿ, ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ಆಳವೇ ಇಲ್ಲವೆನ್ನಿಸಿದ ಗೆರೆಗಳಲ್ಲಿ ನೆರಳು ತುಂಬಿ ಅಕ್ಷರಗಳು ಒಂದೊಂದಾಗಿ ಎದ್ದು ಬರುತ್ತವೆ. ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿನಿಂದ ಹಿಡಿದು ಒಂದೊಂದು ಸಾಲಿಗೂ ಬೇರೆ ಬೇರೆ ಚಿತ್ರ ತೆಗೆಯಿರಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಬೇಡಿ. ತುಂಬಿದವನ ಊಹೆಯೇ ಚಿತ್ರದಲ್ಲಿ ಉಳಿದು, ಮುಂದೆ ಓದುವವರು ಕಲ್ಲನ್ನು ಬಿಟ್ಟು ಆ ಊಹೆಯನ್ನೇ ಓದುತ್ತಾರೆ.

ಇದರ ಜೊತೆಗೆ ಬಿ.ಎಲ್. ರೈಸ್ ಅವರು ಸಂಪಾದಿಸಿದ, ನಮ್ಮ ನಾಡಿನ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ನೋಡಿ. ಶಿವಮೊಗ್ಗ ಜಿಲ್ಲೆಯ ಶಾಸನಗಳು 7 ಮತ್ತು 8ನೆಯ ಸಂಪುಟಗಳಲ್ಲಿವೆ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಮೊದಲಿನದರಲ್ಲಿ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಎರಡನೆಯದರಲ್ಲಿ. ತಾಲ್ಲೂಕುವಾರು ಕ್ರಮಸಂಖ್ಯೆಯ ಜೊತೆಗೆ ಕಲ್ಲು ಎಲ್ಲಿ ಸಿಕ್ಕಿತೆಂಬ ಟಿಪ್ಪಣಿಯೂ ಇರುವುದರಿಂದ, ನೂರಿಪ್ಪತ್ತು ವರ್ಷಗಳ ಹಿಂದೆ ನಿಮ್ಮ ಕಲ್ಲು ಎಲ್ಲಿತ್ತೆಂಬುದು ಗೊತ್ತಾಗುತ್ತದೆ.

ಉತ್ತರ (ತಾಮ್ರಪತ್ರ)

ಮೇಲಿನ ಹಿರಿಯರ ಮಾತಿಗೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ನಾನು ಬಸ್ ನಿಲ್ದಾಣದ ಕಂಬದ ಬಗ್ಗೆ ಮಾತ್ರ ಬರೆಯುತ್ತೇನೆ. ಅಂಥದೇ ಒಂದು ಕಂಬದ ಮೇಲೆ ನನ್ನ ಅಜ್ಜನ ಹೆಸರಿದೆ.

ಎಂಟುನೂರು ವರ್ಷ ಹಳೆಯ ಕಲ್ಲಿಗೆ ಕೊಡುವ ಗೌರವವನ್ನು ಐವತ್ತು ವರ್ಷದ ಕಂಬಕ್ಕೆ ಯಾರೂ ಕೊಡುವುದಿಲ್ಲ. ಅದರ ಮೇಲೆ ಸಿನಿಮಾ ಪೋಸ್ಟರ್ ಅಂಟಿಸುತ್ತಾರೆ, ಬುಡದಲ್ಲಿ ಎಳನೀರಿನ ಬುರುಡೆ ರಾಶಿ ಹಾಕುತ್ತಾರೆ. ಕೊನೆಗೆ ಆಗಸ್ಟ್ ತಿಂಗಳಿನಲ್ಲಿ ಸುಣ್ಣ ಬಳಿದು ಅಕ್ಷರಗಳಿಗೆ ಬಣ್ಣ ತುಂಬಿಸುತ್ತಾರೆ. ನಮ್ಮ ಊರಿನಲ್ಲಿ ಹಾಗೆ ಬಣ್ಣ ತುಂಬಿದ ಕೆಲಸಗಾರ ಸುಣ್ಣದಲ್ಲಿ ಮುಚ್ಚಿಹೋಗಿದ್ದ ಒಂದು ಒತ್ತಕ್ಷರವನ್ನು ಕಾಣದೆ ‘ಬಸಪ್ಪ’ನನ್ನು ‘ಬಸವ’ ಮಾಡಿದ. ಅವನ ತಪ್ಪೇನಲ್ಲ, ಕಣ್ಣಿಗೆ ಕಂಡದ್ದನ್ನು ಬರೆದ. ಆದರೆ ಆ ಮನೆಯವರು ಮುಂದಿನ ಧ್ವಜಾರೋಹಣದ ದಿನ ಕಂಬದ ಮುಂದೆ ನಿಂತು ತಮ್ಮ ಹಿರಿಯನನ್ನು ಹುಡುಕಿ ಕಾಣದೆ ಸುಮ್ಮನೆ ಹಿಂದಿರುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ಬಣ್ಣದ ಡಬ್ಬಿ ತೆರೆಯುವ ಮೊದಲು ಸುಣ್ಣವನ್ನು ನೀರಿನಲ್ಲಿ ನೆನೆಸಿ ಬಿಡಿಸಿ, ಪ್ರತಿ ಹೆಸರನ್ನೂ ಕಾಗದದಲ್ಲಿ ಬರೆದುಕೊಳ್ಳಿ. ತಾಲ್ಲೂಕು ಕಚೇರಿಯ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಕಡತಗಳೊಡನೆಯೂ, 1972ರಲ್ಲಿ ಹೋರಾಟಗಾರರಿಗೆ ಕೊಟ್ಟ ತಾಮ್ರಪತ್ರಗಳು ಇನ್ನೂ ಇರುವ ಮನೆಗಳಲ್ಲಿಯೂ ತಾಳೆ ನೋಡಿ.

ಇನ್ನೊಂದು ಎಚ್ಚರಿಕೆ ಅಗತ್ಯ. ಆ ಕಂಬದ ಮೇಲೆ ‘ಮೈಸೂರು ರಾಜ್ಯ’ ಎಂಬ ಮಾತಿದ್ದರೆ ಅದನ್ನು ಯಾರೂ ‘ಕರ್ನಾಟಕ’ ಎಂದು ತಿದ್ದದಂತೆ ನೋಡಿಕೊಳ್ಳಿ. ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಕಂಬ ಅದಕ್ಕಿಂತ ಹಿಂದಿನದು. ಹಾಗೆಯೇ ಪ್ರಸ್ತಾವನೆಯಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಕಾಣುವುದಿಲ್ಲವೆಂದು ಯಾರಾದರೂ ಗದ್ದಲ ಮಾಡಿದರೆ, ಅವು ಸೇರಿದ್ದು 1976ರ 42ನೆಯ ತಿದ್ದುಪಡಿಯಿಂದ ಎಂದು ಸಮಾಧಾನವಾಗಿ ತಿಳಿಸಿ. ಕಂಬ ತಪ್ಪನ್ನು ಹೇಳುತ್ತಿಲ್ಲ, ತನ್ನ ಕಾಲವನ್ನು ಹೇಳುತ್ತಿದೆ. ಈ ಎರಡು ಸಂಗತಿಗಳನ್ನು ಪಕ್ಕದ ಫಲಕದಲ್ಲಿ ಬರೆದರೆ ಬಸ್ಸಿಗೆ ಕಾಯುವ ಶಾಲೆ ಮಕ್ಕಳು ಓದಿ ತಿಳಿಯುತ್ತಾರೆ.

ನಿಮ್ಮ ಜಿಲ್ಲೆಯಲ್ಲಿಯೇ ಈಸೂರು ಇದೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂದು 1942ರಲ್ಲಿ ಸ್ವತಂತ್ರವೆಂದು ಸಾರಿಕೊಂಡ ಆ ಊರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು. ಆ ಐದು ಹೆಸರುಗಳು ಎಲ್ಲರಿಗೂ ಗೊತ್ತಿವೆ. ಆದರೆ ಅದೇ ಹೋರಾಟದಲ್ಲಿ ಜೈಲು ಕಂಡವರು, ಊರು ಬಿಟ್ಟು ಕಾಡು ಸೇರಿದವರು, ಅವರಿಗೆ ರಾತ್ರಿಯ ವೇಳೆ ಅನ್ನ ಮುಟ್ಟಿಸಿದ ಹೆಂಗಸರು ಸುತ್ತಲಿನ ಎಷ್ಟು ಊರುಗಳಲ್ಲಿ ಇದ್ದಿರಬೇಕು? ನಿಮ್ಮ ಕಂಬದಲ್ಲಿ ಹೆಂಗಸರ ಹೆಸರು ಎಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಇಲ್ಲದ ಹೆಸರನ್ನು ಕಂಬದ ಮೇಲೆ ಹೊಸದಾಗಿ ಕೆತ್ತಬೇಕೆಂದು ನಾನು ಹೇಳುತ್ತಿಲ್ಲ. ಆ ಮನೆಗಳ ಹಿರಿಯರು ಇನ್ನೂ ಇರುವಾಗಲೇ ಅವರ ಮಾತನ್ನು ಧ್ವನಿಮುದ್ರಿಸಿ ಗ್ರಂಥಾಲಯದಲ್ಲಿ ಇಡಿ.

ಸಂಖ್ಯೆಯ ವಿಷಯದಲ್ಲಿಯೂ ಎಚ್ಚರ ಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರಿನಲ್ಲಿ ಸತ್ತವರೆಷ್ಟು ಮಂದಿ ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ದೊಡ್ಡ ಅಂತರವಿದೆ. ಇಂಥ ಕಡೆಗಳಲ್ಲಿ ಫಲಕ ಯಾವುದೇ ಸಂಖ್ಯೆಯನ್ನು ಹೇಳಿದರೂ ಅದು ಯಾರ ಲೆಕ್ಕವೆಂಬುದನ್ನು ಜೊತೆಯಲ್ಲಿಯೇ ಹೇಳಬೇಕು.

ಉತ್ತರ (ಬಿದಿರುಮೆಳೆ)

ಮಾಸ್ತಿಗಲ್ಲಿನ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ನನ್ನ ತವರಿನಲ್ಲಿ ಅಂಥದೊಂದು ಕಲ್ಲಿಗೆ ನಮ್ಮಮ್ಮ ಪ್ರತಿ ಹಬ್ಬಕ್ಕೂ ಅರಿಸಿನ ಕುಂಕುಮ ಹಚ್ಚಿ ಎರಡು ಗಾಜಿನ ಬಳೆ ಇಟ್ಟು ಬರುತ್ತಿದ್ದರು. ಅವರಿಗೆ ಅದು ಮಾಸ್ತಮ್ಮ. ಮಹಾಸತಿ ಎಂಬ ಪದವೇ ಮಾಸ್ತಿಯಾಗಿದೆ ಎಂಬುದು ನನಗೆ ಕಾಲೇಜಿಗೆ ಹೋದ ಮೇಲೆ ತಿಳಿಯಿತು. ಆ ಕೈ ಗಂಡನ ಚಿತೆಯಲ್ಲಿ ಬೆಂದ ಒಬ್ಬ ಹೆಣ್ಣುಮಗಳದೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಆ ಕೈಯನ್ನು ಹತ್ತಿರದಿಂದ ನೋಡಿ. ಬಹಳಷ್ಟು ಮಾಸ್ತಿಗಲ್ಲುಗಳಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ನಿಂಬೆಹಣ್ಣು ಇರುತ್ತದೆ. ಬಳೆಗಳನ್ನು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಬಿಡಿಸಿರುತ್ತಾರೆ. ಬಳೆ ಒಡೆಯಲಿಲ್ಲ, ಮುತ್ತೈದೆಯಾಗಿಯೇ ಹೋದಳು ಎನ್ನುವುದು ಅದರ ಅರ್ಥ. ಕೆತ್ತಿದವನ ಕೈಚಳಕವನ್ನು ಮೆಚ್ಚುವಾಗಲೂ ಕೆತ್ತಿಸಿದ ಪದ್ಧತಿಯನ್ನು ಮೆಚ್ಚಬಾರದು. ಸತಿ ಆಚರಣೆ ತಡೆ ಕಾಯ್ದೆ, 1987 ಸತಿಯ ವೈಭವೀಕರಣವನ್ನು ನಿಷೇಧಿಸಿದೆ. ಆದ್ದರಿಂದ ಫಲಕದಲ್ಲಿ ‘ಪತಿಯನ್ನು ಅನುಸರಿಸಿದ ಮಹಾತಾಯಿ’, ‘ಪಾವಿತ್ರ್ಯದ ಪ್ರತೀಕ’ ಎಂಬಂಥ ಮಾತುಗಳು ಖಂಡಿತ ಬೇಡ.

ಹಾಗೆಂದು ಅವಳನ್ನು ಮರೆಯುವುದೂ ಬೇಡ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡನನ್ನು ಚೋಳ ಅರಸ ಕೊಲ್ಲಿಸಿದ ಸುದ್ದಿ ಕೇಳಿ ದೇಕಬ್ಬೆ ಎಂಬ ಹೆಣ್ಣುಮಗಳು ಕಿಚ್ಚನ್ನು ಹೊಕ್ಕ ಕಥೆ ಅದು. ಬೇಡ ಮಗಳೇ ಎಂದು ಅವಳ ಬಂಧುಗಳು ಅಂಗಲಾಚಿದ್ದನ್ನು ಆ ಕಲ್ಲೇ ಹೇಳುತ್ತದೆ. ಹೊಗಳಲೆಂದು ಬರೆಸಿದ ಪದ್ಯಗಳ ನಡುವೆಯೂ ಹೆತ್ತವರ ಕರುಳಿನ ಸಂಕಟ ಹಾಗೆ ಉಳಿದುಕೊಂಡಿದೆ. ಇಂಥದನ್ನು ಓದಿದ ಮೇಲೆ ಮಾಸ್ತಿಗಲ್ಲಿನ ಮುಂದೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ‘ಗಂಡನ ಸಾವಿನೊಡನೆ ಸತ್ತ ಒಬ್ಬ ಹೆಣ್ಣುಮಗಳ ನೆನಪಿನ ಕಲ್ಲು, ಇಂಥ ಸಾವನ್ನು ಅಂದಿನ ಸಮಾಜ ಗೌರವಿಸುತ್ತಿತ್ತು, ಇಂದು ಅದು ಅಪರಾಧ’ ಎಂದಷ್ಟೇ ಬರೆದರೆ ಸಾಕೆಂದು ನನಗೆ ತೋರುತ್ತದೆ.

ಪೂಜೆಯ ಬಗ್ಗೆಯೂ ಒಂದು ಮಾತು. ಈರಪ್ಪನ ಕಲ್ಲಿಗೆ ದೀಪ ಹಚ್ಚುವ ಮನೆತನ ಯಾವುದಾದರೂ ಇದ್ದರೆ ಅವರನ್ನು ಸಭೆಗೆ ಕರೆಯಿರಿ. ಆ ಕಲ್ಲು ಇಷ್ಟು ಕಾಲ ಯಾರ ಮನೆಯ ಅಡಿಪಾಯಕ್ಕೂ ಸೇರದೆ ಉಳಿದಿರುವುದು ಅವರ ಎಣ್ಣೆಬತ್ತಿಯಿಂದಲೇ. ಎಣ್ಣೆಯನ್ನು ಕಲ್ಲಿನ ಮೈಗೆ ಸುರಿಯುವ ಬದಲು ಮುಂದೆ ಹಣತೆಯಲ್ಲಿ ಇಡೋಣ ಎಂದು ಗೌರವದಿಂದ ಕೇಳಿದರೆ ಹಿರಿಯರು ಒಪ್ಪುತ್ತಾರೆ. ನಮ್ಮ ತವರಿನಲ್ಲಿ ಒಪ್ಪಿದರು.

ಮರುಪ್ರತಿಕ್ರಿಯೆ (ಕೆರೆ ಏರಿ)

ಮೂವರಿಗೂ ಮನಸಾರೆ ಕೃತಜ್ಞತೆಗಳು. ಹದಿನೈದು ದಿನಗಳಲ್ಲಿ ಆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಇಲಾಖೆಗೆ ಪತ್ರ ಹೋಗಿದೆ. ಅವರ ಸಿಬ್ಬಂದಿಯೊಬ್ಬರು ಬಂದು ನಿಂತು ನೋಡುತ್ತಿರುವಾಗಲೇ ಅಶ್ವತ್ಥಕಟ್ಟೆಯ ಬದಿಯ ಚರಂಡಿಗೆ ಅಗೆಯಲಾಯಿತು. ಈರಪ್ಪನ ಕಲ್ಲಿನ ಬುಡದಲ್ಲಿ ಯಂತ್ರವನ್ನು ನಿಲ್ಲಿಸಿ ಕೈಯಿಂದಲೇ ಮಣ್ಣು ತೆಗೆದೆವು. ಡಾಂಬರು, ಜಲ್ಲಿ, ಮತ್ತೆ ಡಾಂಬರು, ಅದರ ಕೆಳಗೆ ಕೆಂಪು ಮಣ್ಣು. ಮೊಣಕಾಲುದ್ದ ಇಳಿದ ಮೇಲೆ ಮೊದಲು ಕಂಡದ್ದು ಕೊಂಬುಗಳು. ನೀರು ಹಾಕಿ ತೊಳೆದಂತೆ ಒಂದರ ಹಿಂದೆ ಒಂದಾಗಿ ಐದು ಹಸುಗಳು ತಲೆ ತಗ್ಗಿಸಿ ನಡೆಯುತ್ತಿರುವ ಸಾಲು ಎದ್ದಿತು. ಅವುಗಳ ಮುಂದೆ ಬಿಲ್ಲು ಹಿಡಿದ ಒಬ್ಬನೇ ಒಬ್ಬ ಗಂಡಸು, ಎದುರಿಗೆ ಮೂವರು. ಅವನ ತೊಡೆಗೆ ಒಂದು ಬಾಣ ನೆಟ್ಟಿದೆ. ಮೇಲಿನ ಎರಡು ಅಂಕಣಗಳಿಗೆ ಮಾತ್ರ ಬಣ್ಣ ತಾಗಿದ್ದರಿಂದ ಕೆಳಗಿನ ಕೆತ್ತನೆ ನಿನ್ನೆ ಮೊನ್ನೆ ಮಾಡಿದಂತೆ ಚೂಪಾಗಿದೆ. ಸುತ್ತ ನೆರೆದಿದ್ದವರಲ್ಲಿ ದಿನವೂ ದನ ಮೇಯಿಸಲು ಹೋಗುವ ಒಬ್ಬ ಹಿರಿಯರು ಬಹಳ ಹೊತ್ತು ನೋಡಿ, ‘ನಮ್ಮವನೇ ಕಣಪ್ಪ ಇವನು’ ಎಂದರು. ಸೇನಾಪತಿ ಎಂಬ ಬರಹದ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ.

ಅಂಕಣಗಳ ನಡುವಿನ ಪಟ್ಟಿಕೆಯಲ್ಲಿ ಸವೆದ ಅಕ್ಷರಗಳ ಒಂದು ಸಾಲು ಇದೆ. ಟಾರ್ಚಿನ ಬೆಳಕಿನಲ್ಲಿ ‘ತುರು’ ಎಂಬ ಎರಡು ಅಕ್ಷರಗಳನ್ನು ನಾನೇ ಓದಿದೆ. ಉಳಿದುದಕ್ಕೆ ಇಲಾಖೆಯವರು ಕಾಗದದ ಅಚ್ಚು ತೆಗೆದುಕೊಂಡು ಹೋಗಿದ್ದಾರೆ. ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ ಬ್ರಷ್‌ನಿಂದ ಮೃದುವಾಗಿ ತಟ್ಟಿ, ಅಕ್ಷರದ ಗುಳಿಗಳಿಗೆ ಕಾಗದ ಇಳಿದ ಮೇಲೆ ಮಸಿಯ ಉಂಡೆಯಿಂದ ಒತ್ತಿದಾಗ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡಿದ್ದನ್ನು ಪ್ರೌಢಶಾಲೆಯ ಮಕ್ಕಳೆಲ್ಲ ಸುತ್ತ ನಿಂತು ನೋಡಿದರು.

ತೂಬಿನ ಕಲ್ಲು ರೈಸ್ ಅವರ ಸಂಪುಟದಲ್ಲಿ ಸಿಕ್ಕಿತು. ಕೆರೆ ತೂಬಿನ ಬಳಿ ಎಂದೇ ಅದರಲ್ಲಿ ನಮೂದಾಗಿರುವುದರಿಂದ ಅದು ಸ್ಥಳ ಬದಲಿಸಿಲ್ಲವೆಂದು ಖಚಿತವಾಯಿತು. ಅದನ್ನು ಮುಟ್ಟದಿರಲು ಆಡಳಿತದವರು ಒಪ್ಪಿದ್ದಾರೆ. ಈರಪ್ಪನ ಕಲ್ಲು ಮತ್ತು ಮಾಸ್ತಿಗಲ್ಲಿನ ಬಳಿ ಪಾದಚಾರಿ ಮಾರ್ಗವನ್ನು ನಾಲ್ಕು ಅಡಿ ಒಳಗೆ ಬಳಸಿ ಒಯ್ಯುತ್ತಾರೆ. ಕಂಬಕ್ಕೆ ಸುಣ್ಣ ನಿಂತಿದೆ. ಹೆಸರುಗಳನ್ನು ತಾಳೆ ನೋಡುವ ಕೆಲಸವನ್ನು ಇಬ್ಬರು ನಿವೃತ್ತ ಅಧ್ಯಾಪಕರು ವಹಿಸಿಕೊಂಡಿದ್ದಾರೆ. ಹೆಂಗಸರ ಹೆಸರು ಕಂಬದ ಮೇಲೆ ಒಂದೂ ಇಲ್ಲ.

ಈರಪ್ಪನ ಕಲ್ಲಿಗೆ ಹೀಗೊಂದು ಬರಹವನ್ನು ಸಿದ್ಧಪಡಿಸಿದ್ದೇವೆ, ತಿದ್ದಿಕೊಡಬೇಕೆಂದು ಕೋರುತ್ತೇನೆ: ‘ಇದು ತುರುಗೋಳಿನ ವೀರಗಲ್ಲು. ದನಗಳನ್ನು ಅಪಹರಿಸಲು ಬಂದವರನ್ನು ತಡೆದು ಮಡಿದ ಅಜ್ಞಾತ ವೀರನ ನೆನಪಿಗೆ ಊರಿನವರು ನಿಲ್ಲಿಸಿದ್ದು. ಕೆಳಗಿನಿಂದ ಮೇಲಕ್ಕೆ ನೋಡಿ: ಹೋರಾಟ, ಅಪ್ಸರೆಯರೊಡನೆ ಪಯಣ, ಕೈಲಾಸ. ಕಲ್ಲಿನ ಬರಹವನ್ನು ಓದುವ ಕೆಲಸ ನಡೆದಿದೆ.’

ಉತ್ತರ (ಹಳೆಯ ಲಿಪಿ)

ಐದು ಹಸುಗಳ ಸಾಲನ್ನು ನೀವು ವರ್ಣಿಸಿದ ಭಾಗವನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬರಹದಲ್ಲಿ ಎರಡೇ ತಿದ್ದುಪಡಿ ಸೂಚಿಸುತ್ತೇನೆ. ‘ಊರಿನವರು ನಿಲ್ಲಿಸಿದ್ದು’ ಎಂಬ ಮಾತನ್ನು ಸದ್ಯಕ್ಕೆ ಬಿಡಿ. ಕಲ್ಲನ್ನು ನಿಲ್ಲಿಸಿದವರು ಅವನ ಮಗನೋ ತಮ್ಮನೋ ಊರ ಗೌಡನೋ ಎಂಬುದನ್ನು ಅನೇಕ ವೇಳೆ ಆ ಸವೆದ ಸಾಲೇ ಹೇಳುತ್ತದೆ, ಅಚ್ಚು ಓದಿ ಬರುವವರೆಗೆ ಕಾಯೋಣ. ಎರಡನೆಯದು ‘ಅಜ್ಞಾತ ವೀರ’ ಎಂಬ ಪದ. ಕಲ್ಲಿನಲ್ಲಿ ಹೆಸರು ಸಿಗಲಿ, ಸಿಗದಿರಲಿ, ಊರು ಅವನನ್ನು ಇಷ್ಟು ತಲೆಮಾರು ಒಂದು ಹೆಸರಿನಿಂದ ಕರೆಯುತ್ತ ಬಂದಿದೆಯಲ್ಲವೇ? ‘ಊರಿನವರು ಈತನನ್ನು ಈರಪ್ಪ ಎಂದು ಕರೆಯುತ್ತಾರೆ’ ಎಂದು ಬರೆಯಿರಿ.